ತಪಸ್ಸು ಕಾಲದಲ್ಲಿ ಯೇಸುಸ್ವಾಮಿ ಪಿಕ್ಚರು

ದೇವರ ಪಿಕ್ಚರ್ ಓಡಿಸೋಕೆ ಹೊರಟವನಿಗೆ ದೇವರೇ ಗತಿ. ಗಾಂಧಿನಗರದ ಒಂದು ಸಿನಿಮಾ ಹಂಚಿಕೆ ಆಫೀಸಿನ ರೆಪ್ ಆಗಿ ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅಂತ ಸುತ್ತುತ್ತಿದ್ದಾಗ ಏನಾದರೊಂದು ಎಡವಟ್ಟು ಆಗುತ್ತಲೇ ಇತ್ತು. ರೆಪ್ ಅಂದರೆ ದೊಡ್ಡ ಸಾಹೇಬ ಅಂದುಕೋಬೇಡಿ. ಬಸ್ಸಿನ ಟಾಪಿಗೆ ರೀಲಿನ ಡಬ್ಬ ಹಾಕಿಸಿ, ಟೆಂಟಿಗೆ ಮುಟ್ಟಿಸಿ, ಪೋಸ್ಟರ್ ಅಂಟಿಸಿ, ಜನ ಕರೆಯೋ ಕೆಲಸ. ಟೂರಿಂಗ್ ಟಾಕೀಸುಗಳು ಇನ್ನೂ ಇದ್ದವು. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ಪಿಕ್ಚರ್ ನೋಡುವ ಸುಖ ಈಗ ಯಾವ ಮಾಲಿನಲ್ಲಿ ಸಿಗತ್ತೆ ಹೇಳಿ? ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಒಂದು ವರ್ಷ ನಮ್ಮ ಯಜಮಾನರು ಕನ್ನಡಕ್ಕೆ ಡಬ್ ಮಾಡಿದ್ದ ಯೇಸುಸ್ವಾಮಿ ಪಿಕ್ಚರ್ ತಂದರು. "ಕ್ರೈಸ್ತರ ಮನೆ ಮನೆಗೂ ಸುದ್ದಿ ಮುಟ್ಟಿಸಯ್ಯಾ. ಓಡಿದರೆ ನಿನ್ನ ಕೆಲಸ ಖಾಯಂ. ಇಲ್ಲದಿದ್ದರೆ ಬೇರೆ ಕಡೆ ನೋಡ್ಕೊ" ಅಂದರು. ಅದೇ ಸಮಯಕ್ಕೆ ಚನ್ನಪಟ್ಟಣದಲ್ಲಿ ನನಗೆ ಹೆಣ್ಣು ನೋಡಿದ್ದರು. ಹುಡುಗಿ ಅಪ್ಪ, "ಕೆಲ್ಸ ಖಾಯಂ ಆಗ್ಲಿ, ಆಮೇಕೆ ಲಗ್ನದ ಮಾತು" ಅಂದುಬಿಟ್ಟಿದ್ದರು. ಹುಡುಗಿಯೋ, ನನ್ನ ಮನಸ್ಸಿಗೆ ಹಿಡಿದುಬಿಟ್ಟಿದ್ದಳು. ಯೇಸುಸ್ವಾಮಿ ಕೈಬಿಟ್ಟರೆ ಅವಳೂ ಕೈಬಿಟ್ಟ ಹಾಗೇ!

ದರ್ಶನ

ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ ಎದುರು ಗೋಡೆಗೆ ಆಳುದ್ದದ ಪೋಸ್ಟರ್ ಅಂಟಿಸಿದೆ. ಮಾರನೇ ದಿನ ಹೋಗಿ ನೋಡುತ್ತೇನೆ, ಯೇಸುಸ್ವಾಮಿಗೆ ಕುಂಕುಮ, ಸೇವಂತಿಗೆ ಹಾರ, ಮುಂದೆ ಊದುಬತ್ತಿ! ಗೂಡು ತಂದಿದ್ದ ರೈತರೊಬ್ಬರು ಕಣ್ಣುಮುಚ್ಚಿ ನಿಂತಿದ್ದರು.

"ಒಳ್ಳೇ ರೇಟು ಸಿಗ್ಲಿ ಅಂತ ಒಸಿ ಕೈಮುಗ್ದೆ ಸಾಮಿ" ಅಂದರು.

"ಸಂಜೆ ಟೆಂಟಿಗೆ ಬನ್ನಿ ಗೌಡ್ರೇ, ಪೂರ್ತಿ ಕತೆ ನೋಡಬಹುದು" ಅಂದೆ.

"ದರ್ಸನ ಇಲ್ಲೇ ಆಯ್ತಲ್ಲಾ, ಅಲ್ಲಿಗ್ಯಾಕೆ ಟಿಕೀಟು?"

ಅವತ್ತು ಅವರಿಗೆ ಒಳ್ಳೇ ರೇಟೇ ಸಿಕ್ಕಿತಂತೆ. ಆಮೇಲೆ ಆ ಗೋಡೆ ಮೇಲೆ ಬೇರೆ ಪೋಸ್ಟರ್ ಅಂಟಿಸೋಕೆ ಯಾರೂ ನನ್ನನ್ನು ಬಿಡಲಿಲ್ಲ.

ಫೈಟು, ಡ್ಯಾನ್ಸು

ನಮ್ಮ ಮೈಕಿನವನಿಗೆ ಬರುತ್ತಿದ್ದದ್ದು ಒಂದೇ ಪಾಠ. ಯಾವ ಪಿಕ್ಚರ್ ಬಂದರೂ ಜಟಕಾದಲ್ಲಿ ಕೂತು, "ಭರ್ಜರಿ ಫೈಟು! ಮೈನವಿರೇಳಿಸುವ ಡ್ಯಾನ್ಸು! ಮರೆಯದಿರಿ, ಮರೆತು ನಿರಾಶರಾಗದಿರಿ!" ಅಂತ ಕೂಗುತ್ತಿದ್ದ. ಮಾಗಡಿ ಕಡೆಯ ಕ್ರೈಸ್ತರ ಕೇರಿಯಲ್ಲೂ ಅದನ್ನೇ ಕೂಗಿದ. ಕೊರಳಲ್ಲಿ ಜಪಮಾಲೆ ಹಾಕಿಕೊಂಡಿದ್ದ ಅಜ್ಜಿಯೊಬ್ಬರು ಕುದುರೆಗೇ ಅಡ್ಡ ನಿಂತುಬಿಟ್ಟರು.

"ಏನ್ಲಾ ಮೂದೇವಿ, ನಮ್ ಯೇಸುಸ್ವಾಮಿ ಯಾವಾಗ್ಲಾ ಫೈಟ್ ಮಾಡಿದ್ದು?"

ನಾನು ಜಟಕಾದ ಹಿಂದಕ್ಕೆ ಸರಿದುಕೊಂಡೆ. ಮೈಕಿನವನು ಮಾತ್ರ ಜಗ್ಗಲಿಲ್ಲ. "ದೇವಾಲ್ಯದೊಳ್ಗೆ ಯಾಪಾರ ಮಾಡೋರ್ನ ಚಾವಟಿ ತಕಂಡು ಓಡುಸ್ತಾರಲ್ಲ ಅಜ್ಜಿ, ಅದು ಫೈಟಲ್ವಾ?"

ಅಜ್ಜಿ ಯೋಚನೆ ಮಾಡಿದರು. "ಅದು ದಿಟ ಕಣ್ಲಾ. ಆದ್ರೆ ಡ್ಯಾನ್ಸ್ ಎಲ್ಲೈತೆ?"

"ರಾಜನ ಅರಮನೇಲಿ ಒಂದು ಹುಡ್ಗಿ ಕುಣೀತಾಳೆ. ಒಸಿ ಜಾಸ್ತೀನೇ ಕುಣೀತಾಳೆ."

"ಹಂಗಾ? ಹಂಗಾರೆ ಸೊಸೇನ ಕರ್ಕಂಡ್ ಬರಕಿಲ್ಲ ಬುಡು. ನಾನೊಬ್ಳೇ ಬತ್ತೀನಿ."

ನಿಜವಾದ ಎಡವಟ್ಟು

ಅಜ್ಜಿಯೇನೋ ಒಬ್ಬರೇ ಬಂದರು. ಬಂದವರು ಅವರೊಬ್ಬರೇ ಅನ್ನೋದೇ ತೊಂದರೆ. ಮೂರು ಊರಲ್ಲೂ ಕ್ರೈಸ್ತರು ಪೋಸ್ಟರಿಗೆ ಕೈಮುಗಿದು ಟೆಂಟ್ ದಾಟಿಕೊಂಡು ಹೋಗುತ್ತಿದ್ದರು. ಉಳಿದಿದ್ದು ಕನಕಪುರ ಒಂದೇ. ಅಲ್ಲಿನ ಚರ್ಚಿನ ಫಾದರ್ ಹತ್ತಿರ ಹೋಗಿ, "ನಿಮ್ಮ ದೇವರ ಪಿಕ್ಚರಿಗೆ ನಿಮ್ಮವರೇ ಬರಲ್ವಲ್ಲ ಸ್ವಾಮಿ" ಅಂತ ಗೋಳು ತೋಡಿಕೊಂಡೆ.

ಫಾದರ್ ಹಣೆ ಚಚ್ಚಿಕೊಂಡರು. "ಅಲ್ಲಪ್ಪಾ, ಇದು ತಪಸ್ಸು ಕಾಲ. ಯೇಸುಸ್ವಾಮಿ ಪಟ್ಟ ಪಾಡು ನೆನೆದು ನಾವು ನಲವತ್ತು ದಿನ ವ್ರತ ಮಾಡ್ತೀವಿ. ಮಾಂಸ ಬಿಡ್ತಾರೆ, ಬೀಡಿ ಬಿಡ್ತಾರೆ, ಎಲ್ಲಕ್ಕಿಂತ ಮುಂಚೆ ಸಿನಿಮಾ ಬಿಡ್ತಾರೆ!"

ಶಿವರಾತ್ರಿಗೆ ಶಿವನ ಪಿಕ್ಚರ್ ಓಡಲ್ವೇ, ಹಾಗೇ ಈಸ್ಟರ್ ಮುಂಚೆ ಇದು ಓಡುತ್ತೆ ಅಂತ ನಮ್ಮ ಯಜಮಾನರ ಲೆಕ್ಕಾಚಾರ. ಮದುವೆ ಮುರಿದುಬಿತ್ತು ಅಂತ ನನಗೆ ಅಳುವೇ ಬಂತು. ಅತ್ತೂಬಿಟ್ಟೆ ಅನ್ನಿ. ಫಾದರ್ ಮನಸ್ಸು ಕರಗಿತು.

"ಸಿನಿಮಾ ಅಂತ ಬೇಡ. ಶುಭ ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಅಂತ ಮಾಡೋಣ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹಾದಿಯಲ್ಲಿ ಹದಿನಾಲ್ಕು ಸ್ಥಳ ಬರುತ್ತೆ, ಅಲ್ಲೆಲ್ಲ ನಾನು ಹೇಳಿದಾಗ ಪಿಕ್ಚರ್ ನಿಲ್ಲಿಸಬೇಕು. ಬೀಡಿ, ಸೋಡಾ, ಕಡ್ಲೆಕಾಯಿ ಏನೂ ಇರಬಾರದು."

ಕಡ್ಲೆಕಾಯಿ ಇಲ್ಲ ಅಂದಾಗ ಟೆಂಟಿನ ಮಾಲೀಕರ ಮುಖ ನೋಡಬೇಕಿತ್ತು.

ಶುಕ್ರವಾರ

ಮೇಣದಬತ್ತಿ ಹಿಡಿದು ಊರಿಗೆ ಊರೇ ಮೆರವಣಿಗೆಯಲ್ಲಿ ಬಂತು. ಹೊಸದಾಗಿ ಏನೋ ಅಂತ, ಕ್ರೈಸ್ತರಲ್ಲದಿದ್ದರೂ, ಕನಕಪುರದ ಗೌಡರ ಮನೆಗಳವರೂ ಬಂದರು. ಹುಡುಗನ ಕೆಲಸ ಎಂಥದ್ದು ನೋಡೋಣ ಅಂತ ಚನ್ನಪಟ್ಟಣದಿಂದ ಹುಡುಗಿ ಅಪ್ಪನೂ ಬಂದು ಕುರ್ಚಿ ಮೇಲೆ ಕೂತರು! ಫಾದರ್ "ನಿಲ್ಸಪ್ಪಾ" ಅಂದಾಗಲೆಲ್ಲ ಲೈಟು ಹತ್ತೋದು, ಜನ ಮರಳಲ್ಲಿ ಮೊಣಕಾಲೂರೋದು, ಪ್ರಾರ್ಥನೆ. ಗೌಡರೂ ಮೊಣಕಾಲೂರಿದರು. ಎಲ್ಲರ ಕಣ್ಣಲ್ಲೂ ನೀರು. ನನಗೂ ಬಂತು.

ಯೇಸುಸ್ವಾಮಿಯನ್ನು ಸಮಾಧಿ ಮಾಡಿ ಕಲ್ಲು ಮುಚ್ಚಿದರು. ಆಪರೇಟರ್ ಕೊನೇ ರೀಲು ಏರಿಸಬೇಕು, ಅಷ್ಟರಲ್ಲಿ ಫಾದರ್ ಎದ್ದುನಿಂತರು. "ಸಾಕು. ಇವತ್ತು ಶುಕ್ರವಾರ. ಅವರು ಏಳೋದು ಭಾನುವಾರ. ಆ ರೀಲು ಇವತ್ತು ಹಾಕೋ ಹಾಗಿಲ್ಲ."

ಮುಂದೆ ಕೂತಿದ್ದ ಗೌಡರೊಬ್ಬರು ಕೂಗಿಕೊಂಡರು. "ಅಯ್ಯೋ, ಹಿಂಗೇ ಬುಟ್ಟು ಹೋಗದಾ? ಆ ಪುಣ್ಯಾತ್ಮ ಎದ್ನೋ ಇಲ್ವೋ ಅಂತ ನಂಗೆ ನಿದ್ದೆ ಬಂದದಾ ಸಾಮಿ!"

"ಭಾನುವಾರ ಬನ್ನಿ" ಅಂದರು ಫಾದರ್. ಹುಡುಗಿ ಅಪ್ಪ ನನ್ನನ್ನು ದುರುಗುಟ್ಟಿ ನೋಡಿ ಬಸ್ ಸ್ಟ್ಯಾಂಡಿನ ಕಡೆ ಹೋದರು. ನನ್ನ ಕತೆ ಮುಗೀತು ಅಂದುಕೊಂಡೆ.

ಭಾನುವಾರ ಹೊಸಬಟ್ಟೆ ಹಾಕಿಕೊಂಡು ಎಲ್ಲರೂ ಬಂದರು. ಶುಕ್ರವಾರ ಬಾರದವರೂ ಬಂದರು. ಒಂದೇ ಒಂದು ರೀಲಿಗೆ ಪೂರ್ತಿ ಟಿಕೆಟ್, ಯಾರೂ ಕೊಸರಾಡಲಿಲ್ಲ. ಕಲ್ಲು ಉರುಳಿ ಯೇಸುಸ್ವಾಮಿ ಎದ್ದು ಬಂದಾಗ ಶಿಳ್ಳೆ, ಚಪ್ಪಾಳೆ, "ಒನ್ಸ್ ಮೋರ್!" ಆಪರೇಟರ್ ಮತ್ತೆ ಹಾಕಿದ. ಇನ್ನೊಮ್ಮೆ ಅಂದರು, ಅದನ್ನೂ ಹಾಕಿದ. ಕನಕಪುರದಲ್ಲಿ ಅವತ್ತು ಯೇಸುಸ್ವಾಮಿ ಮೂರು ಸಲ ಎದ್ದರು. ಫಾದರ್ ಕೂಡ ಚಪ್ಪಾಳೆ ಹೊಡೆಯುತ್ತಿದ್ದರು.

ಹೊರಗೆ ಬಂದರೆ ಹುಡುಗಿ ಅಪ್ಪ! ತಡೆಯಲಾರದೆ ಅವರೂ ಎರಡನೇ ಸಲ ಟಿಕೆಟ್ ತಗೊಂಡು ಬಂದಿದ್ದರು.

"ಪಿಕ್ಚರ್ ಅರ್ಧಕ್ಕೇ ನಿಲ್ಸಿ ತಿರ್ಗಾ ಟಿಕೀಟ್ ತಗಸ್ತೀಯಲ್ಲಪ್ಪಾ, ನೀನು ಎಲ್ಲೋದ್ರೂ ಬದೀಕತೀಯ. ಕೆಲ್ಸ ಖಾಯಂ ಆಯ್ತದೆ ಬುಡು, ಲಗ್ನ ಮಾಡ್ಬುಡಾನ" ಅಂದರು. ನಾನು ಕಾಲಿಗೆ ಬೀಳೋಕೆ ಬಗ್ಗಿದೆ. ಭುಜ ಹಿಡಿದು ಎತ್ತಿ, ಕಿವಿ ಹತ್ತಿರ ಬಂದು ಹೇಳಿದರು:

"ಒಂದ್ ಮಾತು ಅಳಿಯಂದ್ರೇ, ತಾಳಿ ಕಟ್ಟೋ ಹೊತ್ನಲ್ಲಿ ಮಾತ್ರ, ಮಿಕ್ಕಿದ್ದು ಭಾನುವಾರ ಅಂತ ಎದ್ದೋಗ್ಬ್ಯಾಡಿ."