ಅಳತೆ ಅಧಿಕಾರಿಗಳ ಎದೆಯ ಎತ್ತರದ ಕುರಿತು

ಬೇಗ ಬೆಳೆಯುವ ಮರದ ಸಸಿಗಳನ್ನು ಮಾರಿ, ಬೆಳೆದ ಮೇಲೆ ತಾವೇ ಕೊಳ್ಳುವ ಪ್ಲೈವುಡ್ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಮೂರು ಕರಡು ಹರಿದು ಹಾಕಿದ ಸಣ್ಣ ರೈತನೊಬ್ಬನ ನಾಲ್ಕನೆಯ ಪ್ರಯತ್ನ.

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಗರಗಸಗಳು ಹರಿತವಾಗಿವೆಯೆಂದೂ ನಂಬಿದ್ದೇನೆ. ದಶಾಂಶದ ಪಾಠ ಶುರುವಾಗುವ ಹಿಂದಿನ ವಾರ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ನೆಡಿ, ಮರೆತುಬಿಡಿ, ಐದನೆಯ ವರ್ಷ ಕಡಿಯಿರಿ" ಎಂದ ತಮ್ಮ ಕರಪತ್ರವನ್ನು ನಂಬಿ, ಹೆಂಡತಿ ತರಕಾರಿ ಬೆಳೆಯುತ್ತಿದ್ದ ಅರ್ಧ ಎಕರೆಯನ್ನು ಕಾಡಿ ಬೇಡಿ ಪಡೆದು ಮುನ್ನೂರು ಸಸಿ ನೆಟ್ಟೆ. ಮರ ಮೊದಲ ದರ್ಜೆಗೆ ಹೋದರೆ ಅವಳ ಐದು ವರ್ಷದ ತರಕಾರಿಯ ಹಣ ಬಂದು ಮೇಲಿಷ್ಟು ಉಳಿಯುತ್ತದೆ, ಎರಡನೆಯದಕ್ಕೆ ಇಳಿದರೆ ಅದರ ಅರ್ಧವೂ ಹುಟ್ಟುವುದಿಲ್ಲ ಎಂಬುದು ಲೆಕ್ಕ. ಅವಳಿಗೆ ಲೆಕ್ಕದ ಮೊದಲ ಭಾಗವನ್ನು ಮಾತ್ರ ಹೇಳಿದ್ದೆ.

ನೆಡುವುದು ಬಂತು, ಮರೆಯುವುದು ಬರಲಿಲ್ಲ. ಗಾಳಿ ಬೀಸಿದರೆ ಮುರಿದಾವು, ಬೀಸದಿದ್ದರೆ ಸೊಟ್ಟಗಾದಾವು ಎಂದು ಹೆಂಡತಿಯ ಹೊಲಿಗೆ ಟೇಪು ಹಿಡಿದು ದಿನಾ ಸುತ್ತಿದೆ. ಹೋದ ವರ್ಷ ಬಂದ ತಮ್ಮ ಅಳತೆ ಅಧಿಕಾರಿಗಳು ಬಲು ಸಜ್ಜನರು, ಬಲು ಕುಳ್ಳರು. ಎದೆಮಟ್ಟದಲ್ಲಿ ಸುತ್ತಳತೆ ಐವತ್ತು ಸೆಂಟಿಮೀಟರ್ ಇದ್ದರೆ ಮೊದಲ ದರ್ಜೆ ಎಂಬ ಕರಾರಿನಂತೆ, ಅವರು ತಮ್ಮದೇ ಎದೆಯ ನೇರದಲ್ಲಿ ಮರಕ್ಕೆ ಟೇಪು ಸುತ್ತಿ, ಇನ್ನೊಂದು ವರ್ಷಕ್ಕೆ ಎಲ್ಲವೂ ಗೆದ್ದವು ಎಂದು ಹೋದರು. ನಾನು ಅದೇ ಎತ್ತರಕ್ಕೆ ಮುನ್ನೂರು ಮರಕ್ಕೂ ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆಯೇ ಅಳೆಯುತ್ತ, ಐವತ್ತೊಂದು ಆದ ದಿನ ಬೀದಿಗೆಲ್ಲ ಹೇಳಿ ಬಂದೆ.

ಈ ವರ್ಷ ತಾವು ಆರಡಿ ಮೀರಿದ ಮಹನೀಯರನ್ನು ಕಳಿಸಿದಿರಿ. ಮರ ಮೇಲೆ ಹೋದಂತೆ ಸಣ್ಣಗಾಗುತ್ತದೆ ಎಂಬ ಸತ್ಯ ನನಗೆ ಅವರ ಎದೆಯ ಮುಂದೆ ನಿಂತಾಗಲೇ ಹೊಳೆದದ್ದು. ನಲವತ್ತೊಂಬತ್ತು. ಗೆರೆ ತೋರಿಸಿದೆ. "ಎದೆಮಟ್ಟ ಅಂದ್ರೆ ಎದೆಮಟ್ಟ. ನನ್ನ ಎದೆ ಇಲ್ಲಿದೆ ಯಜಮಾನ್ರೇ, ನಾನೇನ್ ಮಾಡ್ಲಿ?" ಎಂದರು. ತಮ್ಮ ಎದೆಯನ್ನೇ ಕಂಪನಿಗೆ ಒಪ್ಪಿಸಿರುವ ಇಂಥ ನೌಕರರು ತಮಗೆ ಇನ್ನೆಲ್ಲಿ ಸಿಕ್ಕಾರು.

ಆದ್ದರಿಂದ ಆ ಕುಳ್ಳ ಮಹಾಶಯರನ್ನೇ ಮತ್ತೆ ಕಳಿಸಬೇಕು. ಇಲ್ಲವಾದರೆ ಈಗಿನವರು ನಿಂತು ಅಳೆಯಲು ಪ್ರತಿ ಮರದ ಪಕ್ಕ ಒಂದಡಿ ಗುಂಡಿ ತೋಡಿ, ಕಾಲು ನೋಯದಂತೆ ಹುಲ್ಲು ಹಾಸಿ ಕೊಡುತ್ತೇನೆ. ಅದೂ ಆಗದಿದ್ದರೆ ಕರಾರಿನಲ್ಲಿ ಯಾರ ಎದೆ ಎಂಬುದನ್ನಾದರೂ ಬರೆಯಿರಿ. ನನ್ನದಾದರೆ ಚಿಂತೆಯಿಲ್ಲ, ಅದು ಮೊನ್ನೆಯೇ ಕುಸಿದು ಮೊಣಕಾಲಿಗೆ ಬಂದಿದೆ.

ಹೆಂಡತಿಗೆ ಲೆಕ್ಕದ ಎರಡನೆಯ ಭಾಗವನ್ನೂ ಹೇಳಬೇಕಾಯಿತು. ಅವಳು ಬೈಯಲಿಲ್ಲ, ಕರಾರು ಇಸಿದುಕೊಂಡು ಬಾಗಿಲ ಬೆಳಕಿನಲ್ಲಿ ಓದುತ್ತ ಕುಳಿತಿದ್ದಾಳೆ. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ತಮ್ಮ ವಿಶ್ವಾಸಿ,
ಬೀದಿಯವರು ಈಗ "ಐವತ್ತೊಂದು" ಎಂದು ಕರೆಯುವವನು

ಮರೆತ ಮಾತು: ಪತ್ರ ಅಂಚೆಗೆ ಬೀಳುವಷ್ಟರಲ್ಲಿ ಹೆಂಡತಿಗೆ ಒಂದು ಸಾಲು ಸಿಕ್ಕಿತು. ಎರಡನೆಯ ದರ್ಜೆಯ ಮರವನ್ನು ತಮಗೇ ಮಾರಬೇಕೆಂದಿಲ್ಲವಂತೆ. ತಾರಸಿ ಹಾಕುವಾಗ ಕೆಳಗೆ ನಿಲ್ಲಿಸುವ ಕಂಬಗಳನ್ನು ಹುಡುಕುತ್ತಿದ್ದ ಗಾರೆ ಮೇಸ್ತ್ರಿಯನ್ನು ಅವಳೇ ಕರೆಸಿದಳು. ಅವರು ನೆಟ್ಟಗಿವೆಯೇ ಎಂದಷ್ಟೇ ನೋಡಿ, ತರಕಾರಿಯ ಹಣಕ್ಕೆ ಸರಿಹೋಗುವ ಬೆಲೆ ಕೊಟ್ಟು, ಮುನ್ನೂರನ್ನೂ ಕಡಿಸಿಕೊಂಡು ಹೋದರು. ಆ ಅರ್ಧ ಎಕರೆಯಲ್ಲಿ ಮುಂದೇನು ಎಂಬುದು ಇನ್ನು ನನ್ನ ಚಿಂತೆಯಲ್ಲವೆಂದು ಅವಳು ತೀರ್ಮಾನಿಸಿದ್ದಾಳೆ. ಗೇಣುದ್ದದ ಬುಡಗಳು ಉಳಿದಿವೆ, ಒಂದೊಂದರ ಸುತ್ತಳತೆಯೂ ಅರವತ್ತು ಸೆಂಟಿಮೀಟರ್. ತಮ್ಮ ಆ ಆರಡಿಯ ಅಧಿಕಾರಿಗಳು ಪಕ್ಕದಲ್ಲಿ ಮಲಗಿಕೊಂಡು ಅಳೆದರೆ ಎಲ್ಲವೂ ಮೊದಲ ದರ್ಜೆ.