ಸೀಸದ ಮೂತಿ, ತಾಮ್ರದ ಮೂತಿ

ಮಧುಗಿರಿಯ ಅಬ್ದುಲ್ ರಶೀದ್ ಸಾಬರು ತಮ್ಮ ಮದ್ದುಗುಂಡಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಪುರವರದ ಮೂವರು ಜಗಲಿಯ ಮೇಲೆ ಬಂದು ಕೂತಿದ್ದರು. ಪಟೇಲ್ ಸಂಜೀವಯ್ಯ, ರೈತ ಅಡವಯ್ಯ, ಮೇಕೆ ಸಾಕುವ ಶಿವರುದ್ರಮ್ಮ. ಮೂವರ ಕೈಯಲ್ಲೂ ಸಾಬರು ಮಾರಿದ ರೈಫಲ್ ಗುಂಡಿನ ಡಬ್ಬಿ. ಕೊಳ್ಳಲು ಬಂದವರ ಮುಖ ಹೀಗಿರುವುದಿಲ್ಲ ಎಂದು ಸಾಬರಿಗೆ ಕೂಡಲೇ ತಿಳಿಯಿತು.

"ಸಾಬ್ರೆ, ನಿಮ್ಮ ಗುಂಡು ನೀವೇ ವಾಪಸ್ ತಗಳಿ," ಅಂದ ಅಡವಯ್ಯ. "ಚಿರತೆಗೆ ಒಂದೂ ತಾಕ್ಲಿಲ್ಲ. ಎಲ್ಲಾ ಠುಸ್."

ಪುರವರದ ಕೆರೆಯಾಚೆ ಬಂಡೆಯ ಮೇಲೆ ಒಂದು ಚಿರತೆ ದಿನಾ ಸಂಜೆ ಬಿಸಿಲು ಕಾಯಲು ಬಂದು ಮಲಗುತ್ತಿತ್ತು. ಹತ್ತಿರ ಹೋದರೆ ಮಾಯ. ಹೊಡೆಯುವುದಾದರೆ ಈಚೆಯ ಏರಿಯ ಮೇಲಿಂದಲೇ ಹೊಡೆಯಬೇಕು. ಇಡೀ ಹೋಬಳಿಗೆ ಇದ್ದದ್ದು ಒಂದೇ ರೈಫಲು, ಪಟೇಲರದು. ಒನಕೆ ಎರವಲು ಕೊಟ್ಟಂತೆ ಅವರು ಅದನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಗುಂಡು ಮಾತ್ರ ಅವರವರೇ ತರಬೇಕು. ಹಾಗಾಗಿ ಇಡೀ ಹೋಬಳಿ ಸಾಬರ ಅಂಗಡಿಗೆ ಎಡತಾಕುತ್ತಿತ್ತು.

ಸಾಬರು ಜನ್ಮದಲ್ಲಿ ಒಂದು ಕಾಗೆಯನ್ನೂ ಹೊಡೆದವರಲ್ಲ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಅವರಷ್ಟು ದೊಡ್ಡ ಶಿಕಾರಿ ಮೈಸೂರು ಸೀಮೆಯಲ್ಲೇ ಇರಲಿಲ್ಲ. ಯಾವ ಡಬ್ಬಿ ಖರ್ಚಾಗದೆ ಧೂಳು ತಿನ್ನುತ್ತಿದೆಯೋ ಆವತ್ತಿನ ಮಟ್ಟಿಗೆ ಅದೇ ಅತ್ಯುತ್ತಮ ಗುಂಡು. ಈಗ ಮೂವರದು ವಾಪಸ್ ತಗೊಂಡರೆ ಇಡೀ ಹೋಬಳಿ ಬಂದು ಸಾಲು ನಿಲ್ಲುತ್ತದೆ, ಅಲ್ಲಿಗೆ ಅಂಗಡಿಗೆ ಬೀಗ.

"ಗುಂಡಲ್ಲಿ ಏನೂ ಐಬಿಲ್ಲ. ಹೊಡೆಯೋರಿಗೆ ಬರಬೇಕು ಅಷ್ಟೆ," ಎಂದುಬಿಟ್ಟರು.

"ಅಂಗಾದ್ರೆ ನೀವೇ ಬಂದು ಹೊಡ್ದು ತೋರ್ಸಿ," ಅಂದಳು ಶಿವರುದ್ರಮ್ಮ. ಅವಳ ಮೂರು ಮೇಕೆಗಳು ಚಿರತೆಯ ಹೊಟ್ಟೆ ಸೇರಿದ್ದವು. "ಬಿದ್ರೆ ಗುಂಡು ಒಳ್ಳೇದು ಅಂತ ಒಪ್ಕಂತೀವಿ."

ಒಳಗಿನಿಂದ ಸಾಬರ ಹೆಂಡತಿ ಅಮೀರುನ್ನೀಸಾ ಇಣುಕಿದರು. "ಹೋಗಿ ಬನ್ನಿ. ಬಂದೂಕಿನ ಯಾವ ತುದಿ ಮುಂದಕ್ಕಿರಬೇಕು ಅಂತ ದಾರೀಲಿ ಯಾರನ್ನಾದ್ರೂ ಕೇಳ್ಕೊಳ್ಳಿ."

ಸಂಜೆ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಆಚೆ ಬಂಡೆಯ ಮೇಲೆ ಚಿರತೆ, ಮಾವನ ಮನೆಗೆ ಬಂದ ಅಳಿಯನ ಹಾಗೆ ಮೈಚೆಲ್ಲಿ ಮಲಗಿತ್ತು.

"ಯಾವ ಗುಂಡು ಹಾಕೋಣ ಸಾಬ್ರೆ?" ಪಟೇಲರು ಕೇಳಿದರು.

ಗಿರಾಕಿಗಳಿಗೆ ಕಣ್ಣುಮುಚ್ಚಿ ಉತ್ತರ ಕೊಡುತ್ತಿದ್ದ ಸಾಬರು ಈಗ ಮೂರೂ ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸೀಸದ ಮೂತೀದು ಹಾಕಿ," ಎಂದು ಅಡವಯ್ಯ ನೆರವಿಗೆ ಬಂದ. "ದೂರದ ಬೇಟೆಗೆ ಅದೇ ಸರಿ, ಮೈಯೊಳಗೋಗಿ ಹೂವಿನಂಗೆ ಅರಳ್ತದೆ ಅಂದಿದ್ರಿ."

"ನಂಗೆ ತಾಮ್ರದ ಮೂತೀದು ಕೊಟ್ರಲ್ಲ," ಅಂದಳು ಶಿವರುದ್ರಮ್ಮ. "ಸೀಸದ್ದು ಬಿಸ್ಲಿಗೆ ಮೆತ್ತಗಾಗ್ತದೆ, ಗಾಳೀಲಿ ದಾರಿ ತಪ್ತದೆ ಅಂತ ನೀವೇ ಹೇಳಿದ್ರಿ."

ಪಟೇಲರು ಮೂತಿಯಲ್ಲಿ ತೂತಿದ್ದ ತಮ್ಮ ಗುಂಡನ್ನು ಮುಂದೆ ಹಿಡಿದರು. "ಆ ಎರಡು ಗುಂಡೂ ಹಂದಿಗೆ ಮಾತ್ರ, ಚಿರತೆಗೆ ಇದೊಂದೇ ಅಂದ್ರಿ ನಂಗೆ."

ಮೂರೂ ಮಾತು ತಮ್ಮವೇ. ಯಾವುದನ್ನು ಅಲ್ಲಗಳೆದರೂ ಒಬ್ಬ ಗಿರಾಕಿ ಹೋದ. ಅಷ್ಟರಲ್ಲಿ ಊರಿನವರೂ ಪಕ್ಷ ಕಟ್ಟಿಕೊಂಡು ಸೀಸ, ತಾಮ್ರ, ತೂತು ಎಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಗದ್ದಲಕ್ಕೆ ಚಿರತೆ ಎದ್ದು ಮೈಮುರಿಯಿತು. ಗಾಬರಿಯಲ್ಲಿ ಪಟೇಲರು ಕೈಗೆ ಸಿಕ್ಕ ಗುಂಡನ್ನು ತುರುಕಿ ರೈಫಲನ್ನು ಸಾಬರ ಕೈಗಿತ್ತರು. ಸಾಬರು ಬಿಸ್ಮಿಲ್ಲಾ ಎಂದು ಎರಡೂ ಕಣ್ಣು ಮುಚ್ಚಿ ಕುದುರೆ ಎಳೆದರು.

ಟೋಪಿ ಒಂದು ಕಡೆ ಹಾರಿತು, ಸಾಬರು ಪಟೇಲರ ಹೊಟ್ಟೆಯ ಮೇಲೆ ಬಿದ್ದರು. ಕಣ್ಣು ಬಿಡಲು ಧೈರ್ಯವಾಗಲಿಲ್ಲ.

"ಬಿತ್ತು ಕಣ್ಲಾ, ಚಿರತೆ ಬಿತ್ತು," ಎಂದು ಯಾರೋ ಕೂಗಿದರು.

ಯಾರ ಡಬ್ಬಿಯ ಗುಂಡು ತಾಕಿತೆಂಬುದು ದೇವರಿಗೇ ಗೊತ್ತು. ಮೂವರೂ ತಮ್ಮದೇ ಎಂದರು. ಸಾಬರು ಮಲಗಿದಲ್ಲಿಂದಲೇ, "ನನ್ನ ಅಂಗಡೀಲಿ ಮೂರೂ ಒಳ್ಳೇವೇ," ಎಂದರು.

ಕಡಲೆಕಾಯಿ ಲಾರಿಯ ಮೇಲೆ ಚಿರತೆ, ಅದರ ಪಕ್ಕ ಚೆಂಡುಹೂವಿನ ಹಾರ ಹಾಕಿಕೊಂಡ ಸಾಬರು, ಮುಂದೆ ತಮಟೆ, ಹಿಂದೆ ಬಸ್ಸಿನ ತುಂಬ ಹೋಬಳಿಯ ಜನ. ದೀಪ ಹಚ್ಚುವ ಹೊತ್ತಿಗೆ ಮಧುಗಿರಿಯ ಪೇಟೆಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭುಜ ಬಾತು ನೋಯುತ್ತಿದ್ದರೂ ಸಾಬರು ಇಷ್ಟು ಸಂತೋಷವನ್ನು ನಿಕಾಹ್ ದಿನವೂ ಕಂಡಿರಲಿಲ್ಲ. ಮೆರವಣಿಗೆ ಅಂಗಡಿಯ ಮುಂದೆ ನಿಂತಾಗ ಜನ ತಾವಾಗಿಯೇ ಸಾಲುಗಟ್ಟಿದರು.

"ನೋಡಿದೆಯಾ," ಎಂದು ಸಾಬರು ಹೆಂಡತಿಗೆ ಪಿಸುಗುಟ್ಟಿದರು. "ಇರೋ ಮಾಲೆಲ್ಲ ಇವತ್ತೇ ಖಾಲಿ."

ಸಾಲಿನಲ್ಲಿ ಮೊದಲಿಗನಾಗಿದ್ದ ಅಡವಯ್ಯ ಕೈಮುಗಿದ. "ಸಾಬ್ರೆ, ತಪ್ಪಾಯ್ತು. ನಿಮ್ಮ ಗುಂಡು ಭಾಳ ಒಳ್ಳೇವು, ಕಣ್ಣಾರೆ ಕಂಡ್ವಿ."

"ಹೇಳಿದ್ನಲ್ಲಪ್ಪ. ಇನ್ನೆಷ್ಟು ಕೊಡ್ಲಿ?"

"ಕೊಡೋದೇನಿಲ್ಲ, ತಗಳಿ." ಅಡವಯ್ಯ ಡಬ್ಬಿಯನ್ನು ಮುಂದಿಟ್ಟ. "ಚಿರತೇನೇ ಇಲ್ದ ಮೇಲೆ ಇವ್ನೆಲ್ಲ ಮಡಿಕ್ಕಂಡು ಏನ್ ಮಾಡಾನ? ಕೆಟ್ಟ ಗುಂಡಾಗಿದ್ರೆ ವಾಪಸ್ ತಗಳ್ಳಿ ಅನ್ನಾಕೆ ನಮ್ಗೂ ಸಂಕೋಚ. ಒಳ್ಳೇವಲ್ವಾ, ಇನ್ನೊಬ್ರಿಗೆ ಮಾರ್ಬೋದು."

ಸಾಬರು ಸಾಲಿನುದ್ದಕ್ಕೂ ಕಣ್ಣಾಡಿಸಿದರು. ಎಲ್ಲರ ಕೈಯಲ್ಲೂ ಡಬ್ಬಿ. ಹಾರ ಹಾಕಿದ ಜನಕ್ಕೆ ಇಲ್ಲ ಎನ್ನುವುದು ಹೇಗೆ? ಲಾರಿಯ ಮೇಲೆ ಮಲಗಿದ್ದ ಚಿರತೆಯ ಕಡೆ ತಿರುಗಿ ನೋಡಿದರು. ಅಂಥ ಗಿರಾಕಿ ಇನ್ನು ಸಿಗುವುದಿಲ್ಲ.

"ಅಡವಯ್ಯ," ಎಂದರು ಮೆಲ್ಲಗೆ, "ಕೊರಟಗೆರೆ ಕಡೆ ಇನ್ನೊಂದು ಚಿರತೆ ಇದೆ ಅಂತ ಸುದ್ದಿ ಏನಾದ್ರೂ ಇದ್ಯಾ?"

"ಇದ್ರೆ ಇರ್ಲಿ ಬುಡಿ ಸಾಬ್ರೆ," ಅಂದ ಅಡವಯ್ಯ ಅಭಿಮಾನದಿಂದ. "ನೀವೊಬ್ರು ಇರೋವಾಗ ನಮಗ್ಯಾಕೆ ಗುಂಡು?"