ವಾಲ್ವಿನ ಕೀಲಿ ಮತ್ತು ಏಳು ಜನ ಕ್ರಾಂತಿಕಾರಿಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆಯ ಮೇಲೆ ಕಾದ ಕಬ್ಬಿಣ ಇಡಿ. ಭದ್ರಾವತಿಯಲ್ಲಿ ಅದಕ್ಕೇನೂ ಬರವಿಲ್ಲ. ಜಗತ್ತಿನಲ್ಲಿ ಎಲ್ಲೇ ಒಬ್ಬ ದೊರೆ ಬಿದ್ದರೂ ನಮ್ಮ ಕ್ವಾರ್ಟರ್ಸಿನಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಬಹುಪಾಲು ನನ್ನಿಂದಲೇ.

೧. ಟಿವಿಯಲ್ಲಿ ಪ್ರತಿಮೆ

ಇರಾಕಿನ ಸರ್ವಾಧಿಕಾರಿಯ ಪ್ರತಿಮೆ ಉರುಳಿದ್ದನ್ನು ನಮ್ಮ ಸಾಲಿನವರೆಲ್ಲ ನಮ್ಮನೆ ಟಿವಿಯಲ್ಲೇ ನೋಡಿದರು. "ಏನೇ ಅನ್ನಿ, ಅವನ ಕಾಲದಲ್ಲಿ ಶಿಸ್ತಿತ್ತು" ಎಂದರು ಪಕ್ಕದ ಮನೆಯ ರಿಟೈರ್ಡ್ ಫೋರ್‌ಮನ್. ಎಮರ್ಜೆನ್ಸಿಯ ಮೇಲೂ ಅವರಿಗೆ ಅದೇ ಪ್ರೀತಿ. ಆಗ ರೈಲು ಸರಿಯಾದ ಟೈಮಿಗೆ ಬರುತ್ತಿತ್ತಂತೆ.

"ಬಂದ್ರೇನು ಸಾರ್, ಹತ್ತೋರು ಜೈಲಲ್ಲಿದ್ರಲ್ಲ" ಎಂದೆ.

೨. ನಮ್ಮದೇ ಸರ್ವಾಧಿಕಾರಿ

ನಮ್ಮ ಸಾಲಿನ ನೀರಿನ ವಾಲ್ವ್ ತಿರುಗಿಸುವ ಕೀಲಿ ಹನ್ನೆರಡು ವರ್ಷದಿಂದ ಇದೇ ಫೋರ್‌ಮನ್ ಮಂಚದ ಕೆಳಗಿತ್ತು. ಬೆಳಿಗ್ಗೆ ಐದೂವರೆಗೆ ವಿಷಲ್ ಊದಿ ಬೀದಿ ನಲ್ಲಿಗೆ ನೀರು ಬಿಡುತ್ತಿದ್ದರು. ಕಾರ್ಖಾನೆಯ ಸೈರನ್ನೇ ಆ ವಿಷಲ್ ಕೇಳಿ ಟೈಮ್ ಸರಿಮಾಡಿಕೊಳ್ಳುತ್ತಿತ್ತು. ಆದರೆ ಅಂಗಳ ಗುಡಿಸದ ಮನೆಯ ಕೊಡಕ್ಕೆ ಒಂದು ಹನಿ ಸಿಗುತ್ತಿರಲಿಲ್ಲ.

ಪ್ರತಿಮೆ ನೋಡಿದ ಹುರುಪಿನಲ್ಲಿ ನಾನೊಂದು ಭಾಷಣ ಬಿಗಿದೆ. ಕೀಲಿ ಏಳು ಜನರ ಸಮಿತಿಗೆ ಬಂತು. ಅಧ್ಯಕ್ಷ ಯಾರೆಂದು ನನ್ನ ಬಾಯಿಂದಲೇ ಹೇಳಿಸಬೇಡಿ. ಫೋರ್‌ಮನ್ ಜಗಳ ಮಾಡಲಿಲ್ಲ. "ತಗೊಳ್ಳಿ ಮಾರಾಯ್ರೇ, ನಿಧಾನ ತಿರುಗಿಸಿ" ಎಂದರು, ಅಷ್ಟೆ.

ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ನಮ್ಮ ಮೊದಲ ಸಭೆ ಮೂರು ಗಂಟೆ ನಡೆಯಿತು.

೩. ಬಹುಮತದ ನೀರು

ಐದೂವರೆ ತುಂಬ ಬೇಗ ಎಂದ ಒಬ್ಬ. ಆರೂವರೆ ತಡ ಎಂದ ಇನ್ನೊಬ್ಬ. ಚರ್ಚೆ ಮುಗಿಯುವಷ್ಟರಲ್ಲಿ ಟ್ಯಾಂಕಿನ ನೀರೆಲ್ಲ ಪಕ್ಕದ ಸಾಲಿನವರ ಪಾಲು. ಹೀಗೇ ಒಂದು ವಾರ.

"ಭಾನುವಾರ ದುರ್ಗಿಗುಡಿಯಿಂದ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ" ಎಂದಳು ಹೆಂಡತಿ. "ಕಾಲು ತೊಳೆಯೋಕೆ ನಿಮ್ಮ ಭಾಷಣ ಕೊಡ್ಲಾ?"

೪. ಕ್ರಾಂತಿ ವಾಪಸ್

ಶನಿವಾರ ಸಂಜೆ ಕೀಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಫೋರ್‌ಮನ್ ಮನೆಗೆ ಹೋದೆ. ನೋಡಿದರೆ, ಸಮಿತಿಯ ಉಳಿದ ಆರೂ ಜನ ಆಗಲೇ ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾರೆ.

ಫೋರ್‌ಮನ್ ಕೀಲಿ ಮುಟ್ಟಲಿಲ್ಲ. "ಒಬ್ಬನೇ ಆಳೋದು ತಪ್ಪು ಅಂತ ಹೇಳಿದ್ದು ನೀವೇ. ಠರಾವು ಪಾಸ್ ಮಾಡಿ, ಆಮೇಲೆ ನೋಡೋಣ."

ಸಮಿತಿ ಹುಟ್ಟಿದ ಮೇಲೆ ಏಳೂ ಕೈ ಒಟ್ಟಿಗೆ ಎದ್ದದ್ದು ಅದೊಂದೇ ಸಲ.

"ಆದ್ರೆ ವರ್ಷಕ್ಕೊಂದ್ಸಲ ಚುನಾವಣೆ ಆಗ್ಬೇಕು ಸಾರ್" ಎಂದೆ, ಅಧ್ಯಕ್ಷನ ಗತ್ತು ಬಿಡದೆ.

"ಆಗ್ಲಿ. ಈಗ ಹೋಗಿ ಅಂಗಳ ಗುಡಿಸು."

ಬೆಳಿಗ್ಗೆ ನೀರು ಬಂತು. ಗಂಡಿನ ಕಡೆಯವರು ಕಾಲು ತೊಳೆದರು, ಸಂಬಂಧವೂ ಕುದುರಿತು.

ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು ಸಣ್ಣ ವಿಷಯ. ಆ ಆರು ಜನ ನನಗಿಂತ ಮೊದಲೇ ಬಂದಿದ್ದರು ಅಂದೆನಲ್ಲ? ಇಲ್ಲ. ಅವರು ಬರುವಷ್ಟರಲ್ಲಿ ನನ್ನದು ಎರಡನೇ ಕಾಫಿ ಮುಗಿದಿತ್ತು.